ಎಚ್ಚರದ ಮಾತ್ರೆ ಬಿಟ್ಟ ಮೇಲೆ ಎದ್ದೇಳೋಕೇ ಆಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 32 ವರ್ಷ. ಹಾಸನದಲ್ಲಿದ್ದೇನೆ. ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ, ಮನೆಯಿಂದಲೇ. ಎರಡು ವರ್ಷ ಪೂರ್ತಿ ನೈಟ್ ಶಿಫ್ಟ್ ಇತ್ತು. ಕೆಲಸದ ಮಧ್ಯೆ ತೂಕಡಿಸುತ್ತೇನೆ ಎಂದಾಗ ಡಾಕ್ಟರು ಆರ್ಮೊಡಾಫಿನಿಲ್ 150 ಎಂ.ಜಿ. ಬರೆದುಕೊಟ್ಟರು. ಒಂದೂವರೆ ವರ್ಷ ತಗೊಂಡೆ. ಎರಡನೇ ಮಗು ಬೇಕೆಂದು ಈಗ ಡೇ ಶಿಫ್ಟ್ ಹಾಕಿಸಿಕೊಂಡಿದ್ದೇನೆ. ಅದೇ ದಿನ ಮಾತ್ರೆಯನ್ನೂ ಬಿಟ್ಟೆ. ಇವತ್ತಿಗೆ 11 ದಿನ. ಹಗಲೆಲ್ಲ ಮೈ ಭಾರ, ತಲೆ ಮಂಕು. ಏನೇನೋ ತಿನ್ನಬೇಕು ಅನ್ನಿಸುತ್ತೆ. ಮಗಳ ಮೇಲೆ ಸುಮ್ನೆ ರೇಗುತ್ತೇನೆ. ಕಾಫಿ ಆರು ಲೋಟಕ್ಕೆ ಹೋಗಿದೆ. ರಾತ್ರಿ ಮಾತ್ರ ಎರಡು ಗಂಟೆವರೆಗೂ ನಿದ್ದೆ ಹತ್ತಲ್ಲ. ಮೊನ್ನೆ ಮಗಳನ್ನು ಸ್ಕೂಲಿಗೆ ಬಿಡುವಾಗ ಎನ್.ಆರ್. ಸರ್ಕಲ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೇ ಕಣ್ಣು ಎಳೆಯಿತು. ಗೊರಕೆನೂ ಜಾಸ್ತಿ ಅಂತಾರೆ ಯಜಮಾನರು. ಅತ್ತೆ ಸೋಮಾರಿತನ ಅಂತಾರೆ. ಗರ್ಭನಿರೋಧಕ ಗುಳಿಗೆ ಇನ್ನೂ ನಿಲ್ಲಿಸಿಲ್ಲ. ನಾನು ಮಾತ್ರೆಗೆ ಅಡಿಕ್ಟ್ ಆಗಿಬಿಟ್ಟೆನಾ? ಡಬ್ಬಿಯಲ್ಲಿ ಒಂದು ಸ್ಟ್ರಿಪ್ ಉಳಿದಿದೆ. ಅರ್ಧರ್ಧ ತಗೊಳ್ಳಲಾ?
(ಹೆಸರು ಬೇಡ, ಹಾಸನ)

ಉತ್ತರ: ಮೊದಲು ಸ್ಕೂಟರ್ ಕೀಲಿಯನ್ನು ಯಜಮಾನರ ಕೈಗೆ ಕೊಡಿ. ಉಳಿದದ್ದೆಲ್ಲ ಆಮೇಲೆ. ಸಿಗ್ನಲ್‌ನಲ್ಲಿ ನಿಂತಾಗ ಕಣ್ಣು ಎಳೆಯಿತು ಅಂದರೆ ಓಡುವಾಗಲೂ ಎಳೆಯುತ್ತೆ. ಎರಡು ಮೂರು ಸೆಕೆಂಡಿನ ಜೋಂಪು ಬಂದು ಹೋಗಿದ್ದು ನಮಗೇ ಗೊತ್ತಾಗುವುದಿಲ್ಲ. ಹಿಂದೆ ಮಗು ಕೂತಿರುತ್ತೆ. ಹಗಲಿನ ತೂಕಡಿಕೆ ಪೂರ್ತಿ ಹೋಗುವವರೆಗೆ ಸ್ಕೂಟರೂ ಬೇಡ, ಕಾರೂ ಬೇಡ. ವಾರದ ಕೊನೆಗೆ ಸಕಲೇಶಪುರದ ಕಡೆ ಹೋಗುವುದಿದ್ದರೂ ಬಸ್ಸಿನಲ್ಲಿ ಹೋಗಿ.

ಈಗ ಪ್ರಶ್ನೆಗೆ ಬರೋಣ. ನೀವು ಅಡಿಕ್ಟ್ ಆಗಿಲ್ಲ. ಬರೆದುಕೊಟ್ಟಿದ್ದನ್ನು ಬರೆದಷ್ಟೇ ತಗೊಂಡಿದ್ದೀರಿ. ಡೋಸ್ ಏರಿಸಿಲ್ಲ, ಬೇರೆ ಕಡೆಯಿಂದ ತರಿಸಿಲ್ಲ, ಬಿಡಬೇಕು ಅಂದುಕೊಂಡ ದಿನ ಬಿಟ್ಟಿದ್ದೀರಿ. ಚಟ ಇದ್ದವರ ಕಥೆ ಹೀಗಿರುವುದಿಲ್ಲ. ಅರ್ಧ ಮಾತ್ರೆಯ ವಿಚಾರಕ್ಕೆ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಈ ಮಾತ್ರೆ ಏನು ಮಾಡುತ್ತೆ, ಏನು ಮಾಡಲ್ಲ ಅನ್ನುವುದು ತಿಳಿದಿರಲಿ.

ಮೊಡಾಫಿನಿಲ್ ಫ್ರಾನ್ಸ್‌ನಲ್ಲಿ ಹುಟ್ಟಿದ ಔಷಧಿ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಾರ್ಕೊಲೆಪ್ಸಿಗೆ, ಅಂದರೆ ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆಗೆ. ರಾತ್ರಿ ಪಾಳಿಯವರ ತೂಕಡಿಕೆಗೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದವರ ತೂಕಡಿಕೆಗೆ ಅದನ್ನು ವಿಸ್ತರಿಸಿದ್ದು 2004ರಲ್ಲಿ. ನೀವು ತಗೊಂಡ ಆರ್ಮೊಡಾಫಿನಿಲ್ ಅದರದೇ ಒಂದು ರೂಪ, ದೇಹದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೆ. ಎರಡೂ ಮೆದುಳಿನಲ್ಲಿ ಎಚ್ಚರ, ಹುರುಪು ಕೊಡುವ ಡೋಪಮೈನ್ ಅನ್ನುವ ರಾಸಾಯನಿಕ ಬೇಗ ಖಾಲಿಯಾಗದಂತೆ ತಡೆಯುತ್ತವೆ, ಎಚ್ಚರದ ಬೇರೆ ಕೇಂದ್ರಗಳನ್ನೂ ಚುರುಕಾಗಿಡುತ್ತವೆ. ಆದರೆ ಎಚ್ಚರ ಇದ್ದಷ್ಟೂ ಹೊತ್ತು ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಲೇ ಇರುತ್ತೆ. ಅದನ್ನು ಇಳಿಸುವುದು ನಿದ್ದೆ ಒಂದೇ. ಮಾತ್ರೆ ಮಾಡುವುದು ಸಾಲ ಕೊಟ್ಟವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವ ಕೆಲಸ. ಸಾಲ ಹಾಗೇ ಇರುತ್ತೆ.

ಇದು ನನ್ನೊಬ್ಬನ ಮಾತಲ್ಲ. ರಾತ್ರಿ ಪಾಳಿಯ ಕೆಲಸಗಾರರಿಗೆ 200 ಎಂ.ಜಿ. ಮೊಡಾಫಿನಿಲ್ ಕೊಟ್ಟು ನೋಡಿದ ಒಂದು ದೊಡ್ಡ ಅಧ್ಯಯನ 2005ರಲ್ಲಿ ಬಂತು. ಪಾಳಿಯ ಹೊತ್ತಿನಲ್ಲಿ ಮಲಗಲು ಬಿಟ್ಟರೆ ಅವರು ಸರಾಸರಿ 2.1 ನಿಮಿಷಕ್ಕೆ ನಿದ್ದೆಗೆ ಜಾರುತ್ತಿದ್ದರು. ಮಾತ್ರೆ ಕೊಟ್ಟ ಮೇಲೆ ಅದು 3.8 ನಿಮಿಷಕ್ಕೆ ಹೋಯಿತು. ಅಷ್ಟೇ! ಸಹಾಯ ಆಗಿದ್ದು ನಿಜ. ಆದರೆ ಮಾತ್ರೆ ತಗೊಂಡೂ ಅವರು ವಿಪರೀತ ನಿದ್ದೆಗಣ್ಣಿನಲ್ಲೇ ಇದ್ದರು. ಒಂದೂವರೆ ವರ್ಷ ನೀವೂ ಹಾಗೇ ಇದ್ದಿರಿ, ಗೊತ್ತಾಗುತ್ತಿರಲಿಲ್ಲ ಅಷ್ಟೇ.

ಹಾಗಾದರೆ ಮಾತ್ರೆ ಬಿಟ್ಟಾಗ ಬರುವ ತೊಂದರೆ, ಅಂದರೆ ವಿತ್‌ಡ್ರಾವಲ್ ಅನ್ನುವುದೇ ಇಲ್ವಾ? ಮೊಡಾಫಿನಿಲ್ಲನ್ನು 9 ವಾರ ದಿನಕ್ಕೊಂದರಂತೆ ಕೊಟ್ಟು, ನಿಲ್ಲಿಸಿ, 14 ದಿನ ಗಮನಿಸಿದ್ದಾರೆ. ಮಾತ್ರೆ ಬಿಟ್ಟಿದ್ದರಿಂದಲೇ ಬಂತು ಎನ್ನುವಂಥ ಬೇರೆ ತೊಂದರೆ ಕಾಣಲಿಲ್ಲ. ನಾರ್ಕೊಲೆಪ್ಸಿ ಇದ್ದವರಿಗೆ ಹಳೆಯ ನಿದ್ದೆ ಮಾತ್ರ ವಾಪಸ್ ಬಂತು. ಆದರೆ ಒಂಬತ್ತು ವಾರ ಬೇರೆ, ಒಂದೂವರೆ ವರ್ಷ ಬೇರೆ. ತುಂಬಾ ದಿನ ತಗೊಂಡು ಬಿಟ್ಟವರು ಕೆಲವು ದಿನ ಸುಸ್ತು, ಮಂಕು, ಸಿಡುಕು, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಹೇಳುವುದನ್ನು ನಾನು ಕೇಳುತ್ತಿರುತ್ತೇನೆ. ಅದನ್ನು ಸುಳ್ಳು ಅನ್ನಲಾಗದು. ಡೋಪಮೈನ್‌ಗೆ ಒತ್ತಾಸೆ ಕೊಡುತ್ತಿದ್ದದ್ದನ್ನು ಥಟ್ಟನೆ ತೆಗೆದಾಗ ಮನಸ್ಸು ಸ್ವಲ್ಪ ದಿನ ಸಪ್ಪೆಯಾಗುವುದು ಸಹಜವೇ. ಹಸಿವಿನ ಕಾರಣ ಇನ್ನೂ ಸರಳ. ಈ ಮಾತ್ರೆ ಹಸಿವನ್ನು ತಗ್ಗಿಸುತ್ತೆ. ಈಗ ಅದು ವಾಪಸ್ ಬಂದಿದೆ. ನಿದ್ದೆ ಕೆಟ್ಟವರಿಗೆ ಸಿಹಿ, ಕರಿದದ್ದರ ಆಸೆಯೂ ಜಾಸ್ತಿ.

ಆದರೆ ಲೆಕ್ಕ ಹಾಕಿ ನೋಡಿ. ಆರ್ಮೊಡಾಫಿನಿಲ್ ಸುಮಾರು 15 ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತೆ, ಇನ್ನು 15 ಗಂಟೆಗೆ ಅದರರ್ಧ. ಮೂರು ಮೂರೂವರೆ ದಿನಕ್ಕೆ ಬಹುಪಾಲು ಖಾಲಿ. ಬರೀ ಮಾತ್ರೆಯ ತೊಂದರೆ ಆಗಿದ್ದರೆ ಎರಡನೇ ದಿನದಿಂದ ಐದನೇ ದಿನದವರೆಗೆ ಜೋರಾಗಿದ್ದು, ಈಗ ಇಳಿಯುತ್ತಾ ಇರಬೇಕಿತ್ತು. ನಿಮಗೆ ಹನ್ನೊಂದನೇ ದಿನವೂ ಹಾಗೇ ಇದೆ. ಅಂದರೆ ಮಾತ್ರೆ ಬಿಟ್ಟಿದ್ದರ ಪಾಲು ಇದರಲ್ಲಿ ಚಿಕ್ಕದು. ನಿದ್ದೆಯದೇ ದೊಡ್ಡದು. ನೀವು ಒಂದೇ ದಿನ ಎರಡು ಕೆಲಸ ಮಾಡಿದಿರಿ, ಮಾತ್ರೆ ಬಿಟ್ಟಿರಿ, ಪಾಳಿಯನ್ನೂ ತಿರುಗಿಸಿದಿರಿ. ಆಮೇಲೆ ಕಾಫಿ ಏರಿಸಿದಿರಿ. ಬೈಗುಳ ಮಾತ್ರ ಪೂರ್ತಿ ಮಾತ್ರೆಗೆ ಬೀಳುತ್ತಿದೆ.

ಅರ್ಧ ಮಾತ್ರೆ ಬೇಡ ಎಂದಿದ್ದು ಅದಕ್ಕೇ. ಔಷಧಿ ಮೈಯಿಂದ ಹೋಗಿ ಒಂದು ವಾರವಾಗಿದೆ, ಇನ್ನು ಇಳಿಸಿ ಇಳಿಸಿ ಬಿಡಲು ಏನೂ ಉಳಿದಿಲ್ಲ. ಈಗ ಅರ್ಧ ತಗೊಂಡರೆ ಬೆಳಿಗ್ಗೆ ಚುರುಕಾಗುತ್ತೀರಿ, ರಾತ್ರಿ ನಿದ್ದೆ ಇನ್ನೂ ಮುಂದಕ್ಕೆ ಹೋಗುತ್ತೆ. ಬಿಡುವ ಮುಂಚೆ ಕೇಳಿದ್ದರೆ ನಾನು ಬೇರೆ ರೀತಿ ಹೇಳುತ್ತಿದ್ದೆ. ನಿಧಾನವಾಗಿ ಇಳಿಸಲೇಬೇಕು ಅನ್ನುವ ನಿಯಮ ಈ ಔಷಧಿಗೆ ಇಲ್ಲ. ಆದರೂ ವರ್ಷಗಟ್ಟಲೆ ತಗೊಂಡವರಿಗೆ, ಜಾಸ್ತಿ ಡೋಸಿನವರಿಗೆ ಒಂದೆರಡು ವಾರ ಅರ್ಧಕ್ಕೆ ಇಳಿಸಿ ಆಮೇಲೆ ನಿಲ್ಲಿಸುವುದು ನನ್ನ ಪದ್ಧತಿ. ಒಂದು ದಿನ ಬಿಟ್ಟು ಒಂದು ದಿನ ಕೊಡುವುದು ನನಗೆ ಇಷ್ಟವಿಲ್ಲ. ಒಂದು ದಿನ ಹಬ್ಬ, ಮಾರನೇ ದಿನ ಉಪವಾಸ ಆಗುತ್ತೆ.

ಮಗುವಿನ ವಿಚಾರ ಇರುವುದರಿಂದಲೂ ಬೇಡ. ಬಸುರಿಯಲ್ಲಿ ಈ ಔಷಧಿ ತಗೊಂಡವರ ಶಿಶುಗಳಲ್ಲಿ ಹೃದಯದ ದೋಷವೂ ಸೇರಿ ಹುಟ್ಟಿನ ದೋಷಗಳು ಜಾಸ್ತಿ ಇರಬಹುದು ಎಂದು ಅಮೆರಿಕದ ಗರ್ಭಿಣಿಯರ ದಾಖಲೆಗಳಿಂದ ಗೊತ್ತಾಗಿ, 2019ರಲ್ಲಿ ಕೆನಡಾ ಮತ್ತು ಯುರೋಪಿನಲ್ಲಿ ಎಚ್ಚರಿಕೆ ಕೊಟ್ಟರು. ಇನ್ನೊಂದು ವಿಷಯ ಎಷ್ಟೋ ಹೆಂಗಸರಿಗೆ ಯಾರೂ ಹೇಳಿರುವುದಿಲ್ಲ. ಈ ಮಾತ್ರೆ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತೆ. ಲಿವರ್ ಆ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತೆ. ಮಾತ್ರೆ ಬಿಟ್ಟ ಮೇಲೂ ಕೆಲವು ವಾರ ಇದು ಇರುತ್ತೆ. ಅಮೆರಿಕದ ಸೂಚನೆ ಒಂದು ತಿಂಗಳು ಎನ್ನುತ್ತೆ, ಬ್ರಿಟನ್ನಿನದು ಎರಡು ತಿಂಗಳು. ನೀವು ಎರಡನ್ನೇ ಹಿಡಿಯಿರಿ. ಅಲ್ಲಿಯವರೆಗೆ ಗುಳಿಗೆಯ ಜೊತೆಗೆ ಕಾಂಡೋಮ್ ಇರಲಿ. ಈ ಸಲ ಮುಟ್ಟು ತಡವಾಗಿದ್ದರೆ ಇವತ್ತೇ ಕಿಟ್ ತಂದು ಪರೀಕ್ಷೆ ಮಾಡಿಕೊಳ್ಳಿ. ಬಸುರಿಯ ಸುಸ್ತೂ ಹೀಗೇ ಇರುತ್ತೆ.

ಇನ್ನು ನಿದ್ದೆ. ಎರಡು ವರ್ಷ ನೀವು ಬೆಳಗಿನ ಜಾವ ಮಲಗಿ ಹತ್ತು ಗಂಟೆ ಮೇಲೆ ಎದ್ದಿರಬೇಕು. ದೇಹದ ಗಡಿಯಾರ ಅದಕ್ಕೇ ಹೊಂದಿಕೊಂಡಿದೆ. ಅದನ್ನು ಹಿಂದಕ್ಕೆ ತರುವುದು, ಅಂದರೆ ಬೇಗ ಮಲಗಿ ಬೇಗ ಏಳುವ ಕಡೆಗೆ ತರುವುದು, ಮುಂದಕ್ಕೆ ತಳ್ಳುವುದಕ್ಕಿಂತ ಕಷ್ಟ. ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಜರುಗಿದರೆ ದೊಡ್ಡದು. ನೀವೋ ಮೊದಲ ದಿನದಿಂದಲೇ ಆರೂವರೆಗೆ ಅಲಾರಂ ಇಟ್ಟಿರಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಬೆಳಗಿನ ಬೆಳಕು ಗಡಿಯಾರವನ್ನು ಹಿಂದಕ್ಕೆ ತರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ದೇಹಕ್ಕೆ ಇನ್ನೂ ನಡುರಾತ್ರಿ ಅನ್ನಿಸುವ ಹೊತ್ತಿನಲ್ಲಿ ಜೋರು ಬೆಳಕು ಬಿದ್ದರೆ ಅದು ಉಲ್ಟಾ ಕೆಲಸ ಮಾಡಿ, ಗಡಿಯಾರವನ್ನು ಇನ್ನೂ ಮುಂದಕ್ಕೆ ತಳ್ಳಬಹುದು. ಹತ್ತಕ್ಕೆ ಏಳುತ್ತಿದ್ದ ಮೈಗೆ ಆರೂವರೆ ಅಂದರೆ ನಡುರಾತ್ರಿಯೇ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಆಫೀಸಿನಲ್ಲಿ ಮಾತಾಡಿ ಹತ್ತು ಹದಿನೈದು ದಿನ ಲಾಗಿನ್ ಒಂದೆರಡು ಗಂಟೆ ತಡವಾಗಿಸಿಕೊಳ್ಳಿ, ಮಗಳನ್ನು ಸ್ಕೂಲಿಗೆ ಬಿಡುವುದು ಯಜಮಾನರದೇ ಆಗಲಿ, ಹೇಗೂ ಕೀಲಿ ಅವರ ಹತ್ತಿರ ಇದೆ. ಮೊದಲ ಎರಡು ಮೂರು ದಿನ ಎಂಟೂವರೆಗೆ ಏಳಿ. ಆಮೇಲೆ ಎಂಟು, ಏಳೂವರೆ, ಏಳು. ಎದ್ದ ತಕ್ಷಣ ಅರ್ಧ ಗಂಟೆ ಹೊರಗಿರಿ. ಮಹಡಿ ಮೇಲೆ ಬಟ್ಟೆ ಒಣಹಾಕಿ, ಅಂಗಳ ಗುಡಿಸಿ, ಹಾಲು ತರಲು ನಡೆದು ಹೋಗಿ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ರಾತ್ರಿ ಒಂಬತ್ತರ ಮೇಲೆ ನಡುಮನೆಯ ದೊಡ್ಡ ದೀಪ ಆರಿಸಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ನಿದ್ದೆ ಬರದೆ ಹೊರಳಾಡುವಂತಾದರೆ ಎದ್ದು ಹೊರಗಿನ ಕೋಣೆಯಲ್ಲಿ ಕೂತು, ಕಣ್ಣು ಭಾರವಾದ ಮೇಲೆ ಬನ್ನಿ. ಭಾನುವಾರ ಅಂತ ಹತ್ತರವರೆಗೆ ಮಲಗಿದರೆ ವಾರದ ಶ್ರಮ ನೀರಲ್ಲಿ ಹೋಮ.

ಮಧ್ಯಾಹ್ನ ತಡೆಯಲು ಆಗದಿದ್ದರೆ ಮಲಗಿ, ಆದರೆ ಅಲಾರಂ ಇಟ್ಟು ಇಪ್ಪತ್ತೇ ನಿಮಿಷ, ಮೂರು ಗಂಟೆಯ ಒಳಗೆ. ಒಂದು ಗಂಟೆ ಮಲಗಿದರೆ ಗಾಢ ನಿದ್ದೆಯಿಂದ ಏಳಬೇಕಾಗಿ ತಲೆ ಇನ್ನೂ ಮಂಕಾಗುತ್ತೆ. ನಿದ್ದೆ ಮಾತ್ರೆ ಬೇಡ. ನಿದ್ದೆಗೆಂದು ತಗೊಳ್ಳುವ ಮೆಲಟೊನಿನ್ ಹಾರ್ಮೋನ್ ಕೂಡ ಮಗು ಬಯಸುವವರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು.

ಈಗ ಕಾಫಿ. ಹಾಸನದವರಿಗೆ ಕಾಫಿ ಬಿಡಿ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ನಿಮ್ಮ ತೊಂದರೆಯ ಗುಟ್ಟು ಅರ್ಧ ಅಲ್ಲೇ ಇದೆ ಅಂತ ನನ್ನ ಅನುಮಾನ. ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಗರ್ಭನಿರೋಧಕ ಗುಳಿಗೆ ತಗೊಳ್ಳುವವರಲ್ಲಿ ಅದಕ್ಕಿಂತಲೂ ಎಷ್ಟೋ ಜಾಸ್ತಿ. ಅಂದರೆ ಸಂಜೆ ಐದಕ್ಕೆ ಕುಡಿದ ಲೋಟದ ಅರ್ಧಕ್ಕಿಂತ ಹೆಚ್ಚು ರಾತ್ರಿ ಹನ್ನೊಂದಕ್ಕೂ ನಿಮ್ಮ ಮೈಯಲ್ಲೇ ಇರುತ್ತೆ. ಎರಡು ಗಂಟೆವರೆಗೆ ನಿದ್ದೆ ಹತ್ತದಿರುವುದರಲ್ಲಿ ಏನು ಆಶ್ಚರ್ಯ?

ಯಾವ ಕಾಫಿ ಅನ್ನುವುದೂ ಮುಖ್ಯ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುತ್ತೆ. ಸಕಲೇಶಪುರದ ನೆಂಟರ ತೋಟದಿಂದ ಬಂದ ಪುಡಿಯಾದರೆ ಯಾವುದು ಅಂತ ಕೇಳಿಕೊಳ್ಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹಾಗಾಗಿ ಈ ಒಂದು ತಿಂಗಳ ಮಟ್ಟಿಗೆ ಅಂಗಡಿಯಲ್ಲಿ ಅರೇಬಿಕಾ ಕೊಡಿ, ಚಿಕೋರಿ ಸ್ವಲ್ಪ ಜಾಸ್ತಿ ಹಾಕಿ ಅಂತ ಹೇಳಿದರೆ ತಪ್ಪಿಲ್ಲ (ಶುದ್ಧ ಕಾಫಿಯವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ). ಮೊದಲ ಡಿಕಾಕ್ಷನ್ ಬೆಳಿಗ್ಗೆಯ ಎರಡು ಲೋಟಕ್ಕೆ ಮುಗಿಯಲಿ. ಮಧ್ಯಾಹ್ನ ಊಟದ ಮೇಲೆ ಕಾಫಿ, ಟೀ ಎರಡೂ ಬಂದ್. ಸಂಜೆ ಕೈಗೊಂದು ಲೋಟ ಬೇಕೇ ಬೇಕು ಅನ್ನುವವರಿಗೆ ಶುಂಠಿ ಕಷಾಯ, ಜೀರಿಗೆ ಕಷಾಯ ಇದೆ. ಆರು ಲೋಟದಿಂದ ಎರಡಕ್ಕೆ ಒಂದೇ ದಿನ ಇಳಿಯಬೇಡಿ, ತಲೆ ಸಿಡಿಯುತ್ತೆ. ಅದು ನಿಜವಾದ ವಿತ್‌ಡ್ರಾವಲ್, ಕಾಫಿಯದು! ಎರಡು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬನ್ನಿ. ಮುಂದೆ ಬಸುರಿಯಾದಾಗಲೂ ದಿನಕ್ಕೆ 200 ಎಂ.ಜಿ. ಕೆಫೀನ್ ದಾಟಬಾರದು ಅಂತಲೇ ಹೇಳುವುದು, ಹಾಗಾಗಿ ಈ ಅಭ್ಯಾಸ ದಂಡವಾಗದು.

ಇಷ್ಟು ಮಾಡಿದರೂ ಹಗಲಿನ ನಿದ್ದೆ ಹೋಗದಿದ್ದರೆ? ಗೊರಕೆಯ ಮಾತನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದಿರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ರಾತ್ರಿ ಉಸಿರು ಕಟ್ಟಿ ಕಟ್ಟಿ ಬಿಡುವ ಸ್ಲೀಪ್ ಆಪ್ನಿಯಾ ಬರೀ ದಪ್ಪ ಹೊಟ್ಟೆಯ ಗಂಡಸರಿಗೆ ಬರುವ ಕಾಯಿಲೆ ಅಂತ ಜನ ಅಂದುಕೊಂಡಿದ್ದಾರೆ. ಹೆಂಗಸರಲ್ಲಿ ಅದು ಸುಸ್ತು, ಬೆಳಗಿನ ತಲೆನೋವು, ಬೇಜಾರು ಅಂತ ಬರುತ್ತೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಮೊದಲಿನಿಂದಲೂ ಇದ್ದಿದ್ದರೆ ಮಾತ್ರೆ ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತು ಅಂತಲೇ ಅರ್ಥ. ಯಜಮಾನರಿಗೆ ಹೇಳಿ, ಗೊರಕೆ ನಡುವೆ ಥಟ್ಟನೆ ನಿಂತು, ಆಮೇಲೆ ಏದುಸಿರಿನ ಜೊತೆ ಶುರುವಾಗುತ್ತಾ ಅಂತ ನೋಡಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲಿ. ಡಾಕ್ಟರ ಮುಂದೆ ಎರಡು ನಿಮಿಷದ ಆ ರೆಕಾರ್ಡು ಅರ್ಧ ಗಂಟೆ ಮಾತಿಗಿಂತ ಉಪಯೋಗಕ್ಕೆ ಬರುತ್ತೆ. ಅನುಮಾನ ಬಂದರೆ ಒಂದು ರಾತ್ರಿಯ ನಿದ್ದೆ ಪರೀಕ್ಷೆ ಮಾಡಿಸಬೇಕು. ಹಾಸನದಲ್ಲಿ ಕಿವಿ ಮೂಗು ಗಂಟಲಿನ ಅಥವಾ ಶ್ವಾಸಕೋಶದ ಡಾಕ್ಟರಿಂದ ಶುರು ಮಾಡಿ, ಎಲ್ಲಿ ಮಾಡಿಸುವುದು ಅಂತ ಅವರೇ ಹೇಳುತ್ತಾರೆ. ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ರೈಲಿನಲ್ಲಿ ಹೋಗಿ.

ರಕ್ತ ಪರೀಕ್ಷೆಯೂ ಆಗಲಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್, ಬಿ12, ಸಕ್ಕರೆ. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರೇ ಹೆಚ್ಚು. ಫೆರಿಟಿನ್ ಕಡಿಮೆಯಿದ್ದರೆ ರಾತ್ರಿ ಕಾಲು ಜುಮುಗುಟ್ಟಿ, ಅತ್ತಿತ್ತ ಆಡಿಸದೆ ಇರಲಾಗದೆ ನಿದ್ದೆ ಕೆಡುವುದೂ ಉಂಟು. ಮಗುವಿಗೆ ಮುಂಚೆ ಹೇಗೂ ನೋಡಬೇಕಾದ ಪರೀಕ್ಷೆಗಳೇ ಇವು. ಹಾಗೇ ಬಿ.ಪಿ. ಒಮ್ಮೆ ನೋಡಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಫಿಟ್ಸ್ ಮಾತ್ರೆ ತಗೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಚ್ಚರದ ಮಾತ್ರೆ ಬಿಡುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಆ ಔಷಧಿಗಳ ಮಟ್ಟ ರಕ್ತದಲ್ಲಿ ಬದಲಾಗುತ್ತೆ. ನಾರ್ಕೊಲೆಪ್ಸಿ ಇರುವವರಂತೂ ತಾವಾಗಿ ಬಿಡಲೇಬಾರದು, ಈ ಉತ್ತರ ಅವರಿಗಲ್ಲ.

ಸುಧಾರಣೆ ಅಳೆಯಲು ಎಪ್‌ವರ್ತ್ ಅನ್ನುವ ಪಟ್ಟಿಯಿದೆ, 1991ರದ್ದು. ಎಂಟು ಸಂದರ್ಭ ಕೊಡುತ್ತಾರೆ. ಕೂತು ಓದುವಾಗ, ಟಿವಿ ನೋಡುವಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣಿಕರಾಗಿ ಹೋಗುವಾಗ, ಊಟವಾದ ಮೇಲೆ ಸುಮ್ಮನೆ ಕೂತಾಗ, ಹೀಗೆ. ಪ್ರತಿಯೊಂದಕ್ಕೂ ಜೋಂಪು ಬರುವ ಸಾಧ್ಯತೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 24ಕ್ಕೆ 10 ದಾಟಿದರೆ ನಿದ್ದೆ ಅತಿಯಾಗಿದೆ ಅಂತ ಲೆಕ್ಕ. ಇವತ್ತು ಬರೆದಿಡಿ, ವಾರಕ್ಕೊಮ್ಮೆ ಬರೆಯಿರಿ. ಎದ್ದ ಹೊತ್ತು, ಮಲಗಿದ ಹೊತ್ತು, ಕೊನೆಯ ಕಾಫಿ ಎಷ್ಟು ಗಂಟೆಗೆ ಅನ್ನುವುದೂ ಕ್ಯಾಲೆಂಡರಿನ ಮೇಲೆ ಇರಲಿ.

ಅತ್ತೆಯವರಿಗೆ ಒಂದು ಮಾತು ಹೇಳಿ. ಎರಡು ವರ್ಷ ಊರೆಲ್ಲ ಮಲಗಿದ್ದಾಗ ಎದ್ದು ದುಡಿದವಳನ್ನು ಸೋಮಾರಿ ಅಂದರೆ ಹೇಗೆ? ನೀವು ಹೇಳಲಾಗದಿದ್ದರೆ ಯಜಮಾನರು ಹೇಳಲಿ. ಕೆಲಸದಲ್ಲೂ ಈ ಎರಡು ವಾರ ಬಿಲ್ಲಿನ ಕೋಡ್ ಸರಿ ನೋಡುವಂಥ ಗಮನದ ಕೆಲಸವನ್ನು ನಿಮಗೆ ಚುರುಕು ಅನ್ನಿಸುವ ಹೊತ್ತಿಗೆ ಇಟ್ಟುಕೊಳ್ಳಿ, ಮೇಲ್ ನೋಡುವುದು, ಕರೆ ಮಾಡುವುದು ಊಟದ ನಂತರಕ್ಕೆ ಇರಲಿ. ಮಗಳಿಗೂ ಅಮ್ಮನಿಗೆ ನಿದ್ದೆ ಸಾಲುತ್ತಿಲ್ಲ, ಅದಕ್ಕೇ ಸಿಡುಕು ಅಂತ ಹೇಳಬಹುದು. ಮಕ್ಕಳಿಗೆ ಅರ್ಥವಾಗುತ್ತೆ.

ಮನಸ್ಸಿನ ವಿಚಾರ ಮಾತ್ರ ಗಂಭೀರವಾಗಿ ನೋಡಿ. ಸಪ್ಪೆ, ಸಿಡುಕು ಇನ್ನೊಂದು ವಾರಕ್ಕೆ ಇಳಿಯಬೇಕು. ಬದಲಿಗೆ ದಿನವಿಡೀ ಅಳು, ಯಾವುದೂ ಬೇಡ ಅನ್ನಿಸುವುದು, ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಕಾಯಬೇಡಿ, ಅದೇ ದಿನ ಮನೋವೈದ್ಯರನ್ನು ನೋಡಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬಹುದು. ರಾತ್ರಿ ಹೊತ್ತಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಖಿನ್ನತೆಯೂ ಸುಸ್ತಿನ ವೇಷದಲ್ಲಿ ಬರುತ್ತೆ. ಮಾತ್ರೆ ಅದನ್ನೂ ಮುಚ್ಚಿಟ್ಟಿರಬಹುದು.

ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ನೀವು ಬಿಟ್ಟಿದ್ದನ್ನು ತಿಳಿಸಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ. ಈ ವಾರವೇ ಹೋಗಿ ಹೇಳಿ, ಗೊರಕೆಯ ರೆಕಾರ್ಡು ಮತ್ತು ಕ್ಯಾಲೆಂಡರು ತಗೊಂಡು ಹೋಗಿ. ಉಳಿದ ಸ್ಟ್ರಿಪ್ಪನ್ನೂ ಅವರ ಹತ್ತಿರವೇ ಕೊಟ್ಟು ಬನ್ನಿ. ಪರೀಕ್ಷೆಗೆ ರಾತ್ರಿಯಿಡೀ ಓದುವ ತಮ್ಮನಿಗೋ ಮೈದುನನಿಗೋ ಅಂತ ಎತ್ತಿಡಬೇಡಿ. ಕೆ.ಪಿ.ಎಸ್‌.ಸಿ. ಓದುವ ಹುಡುಗರು ಇದನ್ನು ಚೀಟಿಯಿಲ್ಲದೆ ತರಿಸಿಕೊಂಡು ನುಂಗುವುದು ನಡೆದೇ ಇದೆ. ಅಪರೂಪಕ್ಕೆ ಮೈಯೆಲ್ಲ ಬೊಬ್ಬೆ ಏಳುವಂಥ, ಜೀವಕ್ಕೇ ಕುತ್ತು ತರುವ ಚರ್ಮದ ಅಲರ್ಜಿ ಇದರಿಂದ ಬರುತ್ತೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.